ವೇದದ ಹೊರಗಿನ ಹದಿನಾಲ್ಕು ಹಾಳೆಗಳು

ಸುವಾರ್ತಾ ಸೇವಕಿಯರ ಕೆಲಸಕ್ಕೆ ಈ ವರ್ಷ ಸೇರಿದ ನಾಲ್ವರು ಹುಡುಗಿಯರು ಕಳೆದ ತಿಂಗಳು ರಾಯಚೂರಿನ ನನ್ನ ಮನೆಗೆ ಬಂದಿದ್ದರು. ಕೆಲಸ ಹೇಗಿರುತ್ತದೆ ಎಂದು ಕೇಳಿದರು. ನಾನು ಚಹಾ ಕೊಟ್ಟು, ಬಸ್ಸಿನಲ್ಲಿ ಯಾವ ಬದಿಗೆ ಬಿಸಿಲು ಬೀಳುತ್ತದೆ, ಯಾವ ಊರಿನಲ್ಲಿ ಕುಡಿಯುವ ನೀರು ಉಪ್ಪು ಎಂದು ಏನೇನೋ ಹೇಳಿ ಕಳಿಸಿದೆ. ಅವರು ಹೋದ ಮೇಲೆ ಸಮಾಧಾನವಾಗಲಿಲ್ಲ. ಅವರಲ್ಲೊಬ್ಬಳು ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದ್ದಳು. ಸತ್ಯವೇದಕ್ಕೆ, ಅಂದರೆ ಬೈಬಲ್ಲಿಗೆ, ಸೇರಿಸದೆ ಬಿಟ್ಟ ಬರಹಗಳು, ಕ್ರೈಸ್ತ ಸಭೆಯ ದೊಡ್ಡವರು ಮುಚ್ಚಿಟ್ಟ ಗುಟ್ಟುಗಳು ಎಂದು ಅದರಲ್ಲಿ ಒಬ್ಬ ಕೂಗಿ ಹೇಳುತ್ತಿದ್ದ.

"ಇವು ಖರೇ ಏನ್ರಿ ಅಕ್ಕೋರ?" ಎಂದು ಆ ಹುಡುಗಿ ಕೇಳಿದಳು.

ನಾನು ಮಾತು ತೇಲಿಸಿದೆ. ಆ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಕೊಟ್ಟು ನಾನು ಹಿಂದೊಮ್ಮೆ ತಪ್ಪು ಮಾಡಿದ್ದೇನೆ. ಆ ತಪ್ಪಿನ ಭಾರ ಎಷ್ಟೋ ವರ್ಷಗಳ ನಂತರ ಜಾಲಹಳ್ಳಿ ಹತ್ತಿರದ ಒಬ್ಬ ಮುದುಕಿಯ ಮೇಲೆ ಬೀಳುವುದರಲ್ಲಿತ್ತು. ಅದನ್ನು ಆ ಹುಡುಗಿಯರಿಗೆ ಅಂದು ಹೇಳಲಿಲ್ಲ. ಈಗ ಬರೆಯುತ್ತಿದ್ದೇನೆ.

ನಮ್ಮ ಕೆಲಸ ಹೊರಗಿನವರಿಗೆ ಗೊತ್ತಿಲ್ಲ. ನಾವು ಅಯ್ಯನವರಲ್ಲ, ಅಂದರೆ ಸಭೆಯ ಪಾಲಕರಲ್ಲ. ಸಭೆಗೆ ಸೇರಿಸುವ ದೀಕ್ಷಾಸ್ನಾನ ಕೊಡುವಂತಿಲ್ಲ, ಮದುವೆ ಮಾಡಿಸುವಂತಿಲ್ಲ. ಮನೆಮನೆಗೆ ಹೋಗಿ ಹೆಂಗಸರ ಜೊತೆ ಕೂತು ವೇದ ಓದಿ ಹೇಳುವುದು, ಪ್ರಾರ್ಥನೆ ಬಾಯಿಪಾಠ ಮಾಡಿಸುವುದು, ಕಾಯಿಲೆಯವರ ಹತ್ತಿರ ಕೂರುವುದು. ಅಯ್ಯನವರು ಒಂದೊಂದು ಹಳ್ಳಿಗೆ ಬರುವುದು ಯಾವಾಗಲೋ ಒಮ್ಮೆ. ಉಳಿದ ದಿನ ಅಲ್ಲಿ ಇರುವವರು ನಾವು. ನಮ್ಮನ್ನು ಶಾಲೆಯ ಅಕ್ಕೋರ ಹಾಗೆ 'ಅಕ್ಕೋರು' ಎನ್ನುತ್ತಾರೆ. ಸತ್ಯವೇದ ಎನ್ನುವುದನ್ನು ಹಳ್ಳಿಗಳಲ್ಲಿ 'ವೇದ' ಎಂದಷ್ಟೇ ಕರೆಯುತ್ತಾರೆ. ಯಾವ ಮಾತಿಗೂ ಅಲ್ಲಿ ಒಂದೇ ಒರೆಗಲ್ಲು: "ವೇದದಾಗ ಅದ ಏನ್ರಿ?" ಅದ ಎಂದರೆ ತಲೆ ಬಾಗಿಸುತ್ತಾರೆ. ಇಲ್ಲ ಎಂದರೆ ಎದ್ದು ಸೀರೆ ಕೊಡವಿಕೊಂಡು ಕೆಲಸಕ್ಕೆ ಹೋಗುತ್ತಾರೆ.

ತರಬೇತಿಯ ಕೊನೆಯ ವಾರ, ಸಭೆಯ ಹಳೆಯ ಚರಿತ್ರೆ ಕಲಿಸುತ್ತಿದ್ದ ವಯಸ್ಸಾದ ಮೇಷ್ಟ್ರೊಬ್ಬರು ನಮಗೆಲ್ಲ ಹದಿನಾಲ್ಕು ಹಾಳೆಗಳನ್ನು ಕೊಟ್ಟರು. ಸೈಕ್ಲೋಸ್ಟೈಲ್ ಮಾಡಿದ ಹಾಳೆಗಳು. ನೀಲಿ ಮಸಿ ಕೈಗೆ ಹತ್ತುತ್ತಿತ್ತು. ಅಪೊಸ್ತಲರ, ಅಂದರೆ ಯೇಸುವಿನ ಮೊದಲ ಶಿಷ್ಯರ, ಕಾಲ ಮುಗಿಯುತ್ತ ಬಂದಾಗ ಮತ್ತು ಅದರ ನಂತರದ ತಲೆಮಾರುಗಳಲ್ಲಿ, ಕ್ರೈಸ್ತರು ಬರೆದ ಬರಹಗಳಿಂದ ಅವರೇ ಆರಿಸಿ ಕನ್ನಡಕ್ಕೆ ಮಾಡಿದ್ದರು. ಒಂದು ಊರಿನ ಸಭೆಯವರು ತಮ್ಮ ಹಿರಿಯರನ್ನು ಹುದ್ದೆಯಿಂದ ಇಳಿಸಿದಾಗ ಇನ್ನೊಂದು ಊರಿನ ಸಭೆ ಬರೆದ ಬುದ್ಧಿಮಾತಿನ ಕಾಗದ. ಬಾಲಯೇಸುವಿನ ಚಮತ್ಕಾರಗಳ ಕಥೆ. ಮತ್ತೆ ಒಂದು ಸಣ್ಣ ಕೈಪಿಡಿ: ಉಪವಾಸ ಹೇಗೆ, ಪ್ರಾರ್ಥನೆ ಹೇಗೆ, ದೀಕ್ಷಾಸ್ನಾನ ಹೇಗೆ, ಊರಿಗೆ ಬಂದ ಬೋಧಕನನ್ನು ನೋಡಿಕೊಳ್ಳುವುದು ಹೇಗೆ ಎಂದು.

"ಇವು ವೇದ ಅಲ್ಲ," ಎಂದರು ಮೇಷ್ಟ್ರು. "ವೇದ ನಂಬಿ ನಡದವರು ತಮ್ಮ ತಮ್ಮೊಳಗ ಬರಕೊಂಡದ್ದು. ಇದರಾಗ ಶಾಣ್ಯಾರು ಬರದದ್ದೂ ಅದ, ಬಾಯಿಬಡಕರು ಬರದದ್ದೂ ಅದ. ಯಾವುದು ಯಾರದಂತ ನೋಡಿ ಓದ್ರಿ."

ಆ ಕೊನೆಯ ಮಾತನ್ನು ನಾನು ಬರೆದುಕೊಂಡೆ. ಆದರೆ ಪಾಲಿಸಲಿಲ್ಲ.

ಮೊದಲ ನೇಮಕ ಮಾನ್ವಿಗೆ. ಅಲ್ಲಿ ಭಾನುವಾರ ಮಧ್ಯಾಹ್ನ ಮಕ್ಕಳ ಪಾಠ. ಒಂದು ಭಾನುವಾರ ಮಕ್ಕಳು ಗಲಾಟೆ ಮಾಡುತ್ತಿದ್ದರು. ಕೈಗೆ ಸಿಕ್ಕ ಹಾಳೆ ತೆಗೆದು ಬಾಲಯೇಸುವಿನ ಕಥೆ ಓದಿದೆ. ಹಳ್ಳದ ದಂಡೆಯಲ್ಲಿ ಆಡುತ್ತ ಮಣ್ಣಿನಿಂದ ಹನ್ನೆರಡು ಗುಬ್ಬಿ ಮಾಡಿದ್ದು, ಸಬ್ಬತ್ ಎಂಬ ವಿಶ್ರಾಂತಿಯ ದಿನ ಕೆಲಸ ಮಾಡಿದೆ ಎಂದು ದೊಡ್ಡವರು ಬೈದಾಗ ಚಪ್ಪಾಳೆ ತಟ್ಟಿದ್ದು, ಗುಬ್ಬಿಗಳು ಹಾರಿ ಹೋದದ್ದು. ಮಕ್ಕಳು ಬಾಯಿ ತೆರೆದು ಕೇಳಿದರು. ಬಾಗಿಲಲ್ಲಿ ನಿಂತಿದ್ದ ಒಬ್ಬ ತಾಯಿ ಕೇಳಿದಳು, "ಇದು ವೇದದಾಗ ಅದ ಏನ್ರಿ ಅಕ್ಕೋರ? ನಾ ಒಮ್ಮಿನೂ ಕೇಳಿಲ್ಲ."

"ಹೌದು, ಅದ," ಎಂದೆ.

ಯಾಕೆ ಹಾಗೆಂದೆ ಎಂದು ಹಲವು ಸಲ ಯೋಚಿಸಿದ್ದೇನೆ. ಮೋಸ ಮಾಡುವ ಉದ್ದೇಶವಿರಲಿಲ್ಲ. ಇಲ್ಲ ಎಂದರೆ ಮಕ್ಕಳ ಮುಖದ ಮೇಲಿನ ಆ ಬೆರಗು ಇಳಿದು ಹೋಗುತ್ತದೆ ಎನ್ನಿಸಿತು. ಅಷ್ಟೇ.

ನಮ್ಮ ಪ್ರಾರ್ಥನಾ ಮಂದಿರದ ಎದುರು ಖಾಜಾಸಾಬ್ ಎಂಬ ದರ್ಜಿಯ ಅಂಗಡಿ. ಮಕ್ಕಳು ಹೊರಗೆ ಬಂದು ಅವರಿಗೂ ಕಥೆ ಹೇಳಿದರು. ಮರುದಿನ ನಾನು ಹಾದುಹೋಗುವಾಗ ಅವರು ಹೊಲಿಗೆ ಮಷಿನ್ ನಿಲ್ಲಿಸಿ ಕೂಗಿದರು. "ಅಕ್ಕೋರ, ಆ ಮಣ್ಣಿನ ಪಕ್ಷಿ ಮಾತು ನಮ್ಮ ಕಿತಾಬಿನ್ಯಾಗೂ ಅದ್ರಿ. ಹಜರತ್ ಈಸಾ ಮಣ್ಣಿನಿಂದ ಮಾಡಿ ಊದಿದ್ರು, ಅದು ಹಾರಿತು. ಆದ್ರ ನಿಮ್ಮ ಕಿತಾಬಿನ್ಯಾಗ ಇಲ್ಲಂತ ನಮ್ಮ ಮಾಮು ಹೇಳ್ತಿದ್ರು. ಯಾವ ಪುಟದಾಗ ಅದ, ತೋರಸ್ರಲ್ಲ."

ಅವರು ಕೇಳಿದ್ದು ಖುಷಿಯಿಂದ. ನನಗೆ ಪುಟ ತೋರಿಸಲು ಆಗಲಿಲ್ಲ. ಒಂದು ವಾರದಲ್ಲಿ ಮಾತು ರಾಯಚೂರಿಗೆ ತಲುಪಿತು, ಅಯ್ಯನವರು ನನ್ನನ್ನು ಕರೆಸಿದರು. ನನ್ನ ಸೇವೆಯ ಬಹುಭಾಗ ನಾನು ಅವರ ಕೈಕೆಳಗೇ ಇದ್ದೆ. ಅವರು ಬೈಯುವವರಲ್ಲ. ಮೇಜಿನ ಮೇಲೆ ವೇದ ಇಟ್ಟು, "ಗುಬ್ಬಿ ಎಲ್ಲಿ ಕೂತಾವ, ಹುಡುಕಿ ಕೊಡ್ರಿ," ಎಂದು ತಮ್ಮ ಕೆಲಸಕ್ಕೆ ಹೋದರು. ಇಲ್ಲದ್ದನ್ನು ಹುಡುಕುತ್ತ ನಾನು ಸಂಜೆಯವರೆಗೆ ಪುಟ ತಿರುಗಿಸಿದೆ. ವಾಪಸು ಬಂದು ಅವರು ಹೇಳಿದ್ದು ಒಂದೇ ಮಾತು: "ಇನ್ನ ನಿಮ್ಮ ಯಾವ ಮಾತು ವೇದದ್ದು, ಯಾವುದು ಹಾಳಿದ್ದು ಅಂತ ನನಗ ಹೆಂಗ ಗೊತ್ತಾಗಬೇಕು?"

ಹಾಳೆಗಳನ್ನು ಟ್ರಂಕಿನ ತಳಕ್ಕೆ ಹಾಕಿದೆ. ಹಲವು ವರ್ಷ ತೆಗೆಯಲಿಲ್ಲ. ಅದೂ ತಪ್ಪೇ ಎಂದು ಗಿಲ್ಲೆಸುಗೂರಿನಲ್ಲಿ ಗೊತ್ತಾಯಿತು.

ಗಿಲ್ಲೆಸುಗೂರಿಗೆ ಎಲ್ಲಿಂದಲೋ ಒಬ್ಬ ಬೋಧಕ ಬಂದು ಒಂದು ಮನೆಯಲ್ಲಿ ತಂಗಿದ. ದೊಡ್ಡ ಧ್ವನಿ, ಬಿಳಿ ಅಂಗಿ. ತನಗೆ ದರ್ಶನವಾಗುತ್ತದೆ ಎಂದ. ನಾನು ಹೋಗುವ ಹೊತ್ತಿಗೆ ಅವನು ಬಂದು ಹನ್ನೊಂದು ದಿನವಾಗಿತ್ತು. ಆ ಮನೆಯ ಹೆಂಗಸು ಸಂಕಟದಿಂದ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. ದೇವರ ಮನುಷ್ಯನಿಗೆ ಹೋಗು ಎನ್ನುವುದು ಹೇಗೆ, ಪಾಪ ಬರುವುದಿಲ್ಲವೇ ಎಂದಳು. ಆಗ ನನಗೆ ಕೈಪಿಡಿಯ ಒಂದು ಭಾಗ ನೆನಪಾಯಿತು. ಮರುವಾರ ಹಾಳೆ ತಂದು, ಮೊದಲೇ ಇದು ವೇದವಲ್ಲ ಎಂದು ಹೇಳಿ, ಹೆಂಗಸರೆದುರು ಓದಿದೆ. ಊರಿಂದ ಊರಿಗೆ ತಿರುಗುವ ಬೋಧಕ ಒಂದು ದಿನ ಇರಲಿ, ಬೇಕಾದರೆ ಎರಡು ದಿನ. ಮೂರನೇ ದಿನವೂ ಉಳಿದರೆ ಅವನು ಸುಳ್ಳು ಪ್ರವಾದಿ. ಇದು ಅಲ್ಲಿಯ ಮಾತಿನ ಸಾರ.

ಆ ಮನೆಯ ಹೆಂಗಸು ಹಣೆಗೆ ಕೈ ಹಚ್ಚಿಕೊಂಡಳು.

"ಅಯ್ಯ ನನ್ನವ್ವಾ! ಈ ಹಾಳಿ ಹೋದ ವಾರನ ತರಬಾರದಿತ್ತೇನ್ರಿ? ನನ್ನ ನಾಕು ಕೋಳಿ ಜೀವ ಉಳಿತಿತ್ತು!"

ಎಲ್ಲರೂ ನಕ್ಕರು. ಆಮೇಲೆ ಒಬ್ಬ ಮುದುಕಿ ಮೆಲ್ಲಗೆ ಹೇಳಿದಳು, "ಅಂದ್ರ ಆಗಿನ ಕಾಲಕ್ಕೂ ಇಂಥವ್ರು ಇದ್ರಂತಾತು." ಅವಳ ದನಿಯಲ್ಲಿ ಸಮಾಧಾನವಿತ್ತು. ತಾನು ಒಬ್ಬಳೇ ಮೋಸ ಹೋದವಳಲ್ಲ ಎಂಬ ಸಮಾಧಾನ.

ಈ ಬರಹಗಳ ಬೆಲೆ ಏನು ಎಂದು ಆ ಮುದುಕಿ ಹೇಳಿದ್ದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ. ವೇದ ನಮಗೆ ದಾರಿ ತೋರಿಸುತ್ತದೆ. ಆ ದಾರಿಯಲ್ಲಿ ನಡೆದವರಿಗೆ ಎಲ್ಲಿ ಕಾಲು ಜಾರಿತು, ಎಲ್ಲಿ ನೀರು ಸಿಗಲಿಲ್ಲ, ಮನೆಗೆ ಬಂದವನನ್ನು ಹೇಗೆ ಕಳಿಸಿದರು ಎನ್ನುವುದು ಈ ಹಾಳೆಗಳಲ್ಲಿದೆ. ಗುಟ್ಟೇನೂ ಇಲ್ಲ, ಯಾರು ಬೇಕಾದರೂ ಓದಬಹುದು. ಆದರೆ ಎಲ್ಲ ಒಂದೇ ತೂಕದವಲ್ಲ. ಕೆಲವನ್ನು ಬರೆದವರು ನಮ್ಮಂತೆ ಕೆಲಸ ಮಾಡಿ ದಣಿದವರು. ಕೆಲವನ್ನು ಬರೆದವರಿಗೆ ಕೇಳುವವರನ್ನು ಬೆರಗುಗೊಳಿಸುವ ಆಸೆ. ಮಾನ್ವಿಯಲ್ಲಿ ನನಗಿದ್ದದ್ದೂ ಅದೇ ಆಸೆ. ಓದುವ ಮೊದಲು ಇದು ಯಾವ ಬಗೆಯದು ಎಂದು ಕೇಳಿಕೊಳ್ಳಿ. ಓದಿ ಹೇಳುವ ಮೊದಲು ಇದು ವೇದವಲ್ಲ ಎಂದು ಹೇಳಿ.

ಇನ್ನು ದ್ಯಾವಮ್ಮನ ವಿಷಯ. ಇದನ್ನು ಬರೆಯಲು ನನಗೆ ಮನಸ್ಸಿಲ್ಲ, ಬಿಡಲೂ ಆಗುವುದಿಲ್ಲ.

ಕೊನೆಯ ವರ್ಷಗಳಲ್ಲಿ ನಾನು ದೇವದುರ್ಗದಲ್ಲಿ ಒಂದು ಕೋಣೆ ಹಿಡಿದು ಸುತ್ತಲಿನ ಹಳ್ಳಿಗಳಿಗೆ ಹೋಗುತ್ತಿದ್ದೆ. ಜಾಲಹಳ್ಳಿಯಿಂದ ಸ್ವಲ್ಪ ದೂರದ ಒಂದು ಹಳ್ಳಿಯಲ್ಲಿ ದ್ಯಾವಮ್ಮ ಇದ್ದಳು. ಕೂಲಿ ಮಾಡಿ ಬದುಕಿದವಳು. ಅವಳ ಗಂಡ, ಮಗ, ಸೊಸೆ ರೂತಮ್ಮ ಎಲ್ಲರೂ ದೀಕ್ಷಾಸ್ನಾನ ಪಡೆದವರು. ಅವಳು ಮಾತ್ರ ಇಲ್ಲ. ಪ್ರಾರ್ಥನೆಗೆ ಎಲ್ಲರಿಗಿಂತ ಮೊದಲು ಬಂದು ಚಾಪೆ ಹಾಸುತ್ತಿದ್ದವಳು ಅವಳೇ. ಆದರೆ ನಮ್ಮ ಸಭೆಯ ಕ್ರಮದಲ್ಲಿ ನೀರಿನಲ್ಲಿ ಪೂರ್ತಿ ಮುಳುಗಿ ಏಳಬೇಕು. ಅಯ್ಯನವರು ಎಲ್ಲರನ್ನೂ ಕೃಷ್ಣಾ ಹೊಳೆಗೆ ಕರೆದೊಯ್ಯುತ್ತಿದ್ದರು. ದ್ಯಾವಮ್ಮನ ಸಣ್ಣ ಮಗಳು ಕಾಲುವೆಯಲ್ಲಿ ಮುಳುಗಿ ಸತ್ತಿದ್ದಳು.

"ನೀರು ನನ್ನ ಮಗಳನ್ನ ನುಂಗ್ಯದ. ಅದರಾಗ ತಲಿ ಹಾಕು ಅಂದ್ರ ಹೆಂಗ ಹಾಕ್ಲಿ ಅಕ್ಕೋರ?" ಎನ್ನುತ್ತಿದ್ದಳು.

ಆ ಹಳ್ಳಿಯಲ್ಲಿ ಸಭೆಗೆ ಒಂದು ಸಮಾಧಿ ಜಾಗವಿದೆ. ದೀಕ್ಷಾಸ್ನಾನ ಆದವರಿಗೆ ಮಾತ್ರ ಅಲ್ಲಿ ಸ್ಥಳ. ದ್ಯಾವಮ್ಮನ ಗಂಡನನ್ನು ಅಲ್ಲಿಯೇ ಇಟ್ಟಿದ್ದರು. ಬೇರೆಯವರಿಗೆ ಹಳ್ಳದ ದಂಡೆ. ಒಂದು ಬೇಸಿಗೆಯಲ್ಲಿ ದ್ಯಾವಮ್ಮ ಕಾಯಿಲೆ ಬಿದ್ದು ಮಲಗಿದಳು, ಏಳಲಿಲ್ಲ. ನಾನು ಹೋದಾಗ ಎರಡು ದಿನದಿಂದ ಏನೂ ತಿಂದಿರಲಿಲ್ಲ. ನನ್ನ ಕೈ ಹಿಡಿದುಕೊಂಡಳು.

"ನನ್ನ ಅಂವನ ಬಾಜೂಕ ಇಡಸ್ರಿ ಅಕ್ಕೋರ. ಬ್ಯಾರೇ ಏನೂ ಬ್ಯಾಡ. ಅಂವ ಒಬ್ಬನ ಇದ್ದು ಇದ್ದು ಮತ್ತ ಬೀಡಿ ಚಾಲೂ ಮಾಡಿರ್ತಾನ."

ನಗುತ್ತಲೇ ಹೇಳಿದಳು. ಕೈ ಮಾತ್ರ ಬಿಡಲಿಲ್ಲ.

ಕೈಪಿಡಿಯ ಹಾಳೆ ನನ್ನ ಚೀಲದಲ್ಲಿತ್ತು. ತೆಗೆದು ಓದಿದೆ. ನನ್ನ ಮಾತಿನಲ್ಲಿ ಹೇಳುವುದಾದರೆ ಅಲ್ಲಿರುವುದು ಇಷ್ಟು: ದೀಕ್ಷಾಸ್ನಾನ ಹರಿಯುವ ನೀರಿನಲ್ಲಿ ಆಗಲಿ. ಹರಿಯುವ ನೀರಿಲ್ಲದಿದ್ದರೆ ಬೇರೆ ನೀರಾದರೂ ಆದೀತು. ತಣ್ಣೀರು ಆಗದಿದ್ದರೆ ಬಿಸಿನೀರು. ಎರಡೂ ಇಲ್ಲದಿದ್ದರೆ ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ತಲೆಯ ಮೇಲೆ ಮೂರು ಸಲ ನೀರು ಸುರಿದರೆ ಆಯಿತು. ಅದಕ್ಕೆ ಮುಂಚೆ ಒಂದೆರಡು ದಿನ ಉಪವಾಸ ಇರಬೇಕು.

"ಕಾಸಿದ ನೀರೂ ನಡಿತದೇನು?" ಎಂದಳು ದ್ಯಾವಮ್ಮ.

"ನಡಿತದ ಅಂತ ಬರದಾರ."

"ವೇದದಾಗ ಅದ ಏನ್ರಿ?"

"ಇಲ್ಲ. ಆಗಿನ ಕಾಲದ ನಮ್ಮಂಥವರು ಬರದದ್ದು."

"ಹಂಗಾರ ಅವ್ರೂ ನೀರಿಲ್ಲದ ಊರಾಗ ಇದ್ದವ್ರ ಇರಬೇಕು ಬಿಡ್ರಿ," ಎಂದಳು. "ಉಪವಾಸಂತೂ ಆತು ನಂದು."

ರೂತಮ್ಮ ಬಾಗಿಲ ಬಳಿ ನಿಂತು ಎಲ್ಲ ಕೇಳುತ್ತಿದ್ದಳು. "ಮತ್ತ ಸುರೀರಲ್ಲ ಅಕ್ಕೋರ. ನೀರು ಕಾಸಲೇನು?" ಎಂದಳು.

ನಾನು ಆ ಸಾಲುಗಳನ್ನು ಮೂರು ಸಲ ಓದಿದೆ. ಯಾರು ಸುರಿಯಬೇಕು ಎಂದು ಹುಡುಕಿದೆ. ಅಯ್ಯನವರೇ ಸುರಿಯಬೇಕು ಎಂದು ಅಲ್ಲಿರಲಿಲ್ಲ. ಯಾರಾದರೂ ಸುರಿಯಬಹುದು ಎಂದೂ ಇರಲಿಲ್ಲ. ನಾನು ಹಾಳೆ ಮಡಚಿ ಎದ್ದೆ. "ಅಯ್ಯಾರನ್ನ ಕೇಳ್ಕೊಂಡು ಬರ್ತೀನಿ," ಎಂದೆ.

ಅಂದು ಯಾವ ವಾರ ಎಂದು ಖಚಿತವಾಗಿ ಹೇಳಲಾರೆ. ಸಂತೆಯ ದಿನವಂತೂ ಅಲ್ಲ, ಯಾಕೆಂದರೆ ಜಾಲಹಳ್ಳಿಯಿಂದ ದೇವದುರ್ಗದ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು. ದೇವದುರ್ಗದಲ್ಲಿ ಬಸ್ಸು ಬದಲಿಸಿ ರಾಯಚೂರು ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಅಯ್ಯನವರು ಒಂದು ಮದುವೆಗೆ ಹೊರಟು ನಿಂತಿದ್ದರು. ಹಾಳೆ ನೋಡಿದ ಕೂಡಲೇ ಹಿಂದೆ ಸರಿದರು.

"ನಿಮ್ಮ ಹಾಳಿ ಅಂದ್ರ ನನ್ನ ಕಣ್ಮುಂದ ಗುಬ್ಬಿ ಹಾರಾಕತ್ತಾವ್ರಿ."

"ಇದು ಅದಲ್ಲ ಅಯ್ಯಾರ. ಒಮ್ಮಿ ಓದ್ರಿ."

"ವೇದದಾಗ ಅದ ಏನು?"

"ಇಲ್ಲ."

ಅವರು ನನ್ನನ್ನೊಮ್ಮೆ ನೋಡಿದರು. ಕನ್ನಡಕ ಹಾಕಿಕೊಂಡು ನಿಂತಲ್ಲಿಯೇ ಓದಿದರು. ಎರಡನೆಯ ಸಲವೂ ಓದಿದರು. "ಇದನ್ನ ಯಾಕ ನನಗ ಮೊದಲ ತೋರಿಸಲಿಲ್ಲ?" ಎಂದರು. ಆ ಗುಬ್ಬಿಗಳ ದೆಸೆಯಿಂದ ಎಂದು ಇಬ್ಬರಿಗೂ ಗೊತ್ತಿತ್ತು. ಅಷ್ಟು ವರ್ಷ ಆ ಹಾಳೆಯನ್ನು ಅವರಿಗೆ ತೋರಿಸಲು ನನಗೆ ಮುಖವಿರಲಿಲ್ಲ. ತೋರಿಸಿದ್ದರೆ ದ್ಯಾವಮ್ಮ ನಡೆದಾಡುತ್ತಿದ್ದಾಗಲೇ ಇದು ಮುಗಿಯುತ್ತಿತ್ತು.

"ನಾಳಿ ಮುಂಜಾನಿ ಮೊದಲ ಬಸ್ಸಿಗೆ ಹೋಗೋಣು. ನಾನ ಬಂದು ಸುರೀತೀನಿ," ಎಂದರು.

ಅವರಿಗೆ ಮದುವೆ ಇತ್ತು, ಅವರ ತಪ್ಪಿಲ್ಲ. ನಾನು ಒಪ್ಪಿಗೆ ಸಿಕ್ಕಿತೆಂದು ಹೇಳಲು ಅದೇ ದಿನ ವಾಪಸು ಹೋಗಬಹುದಿತ್ತು. ಬಸ್ಸು ಇದ್ದವು. ನನಗೆ ದಣಿವಾಗಿತ್ತು, ಹೋಗಲಿಲ್ಲ.

ಮರುದಿನ ನಾವು ಹಳ್ಳಿ ಮುಟ್ಟಿದಾಗ ಮನೆಯ ಮುಂದೆ ಜನ ನಿಂತಿದ್ದರು. ಸಭೆಯ ಹಿರಿಯ ಯೇಸಪ್ಪ, ಹಾರೆ ಸಲಿಕೆ ಹಿಡಿದ ನಾಲ್ಕು ಜನ. ದ್ಯಾವಮ್ಮ ಬೆಳಗಾಗುವ ಹೊತ್ತಿಗೆ ತೀರಿಕೊಂಡಿದ್ದಳು. ಎಲ್ಲಿ ತೋಡಬೇಕು ಎಂದು ಯಾರಿಗೂ ಗೊತ್ತಿರಲಿಲ್ಲ. ಸಲಿಕೆ ಹಿಡಿದವರು ಅಯ್ಯನವರ ದಾರಿ ಕಾಯುತ್ತಿದ್ದರು.

ರೂತಮ್ಮ ಎದ್ದು ಬಂದಳು. ಅಳುತ್ತಿರಲಿಲ್ಲ. "ಅತ್ತಿಗಿ ಸ್ನಾನ ಆಗ್ಯದ್ರಿ ಅಯ್ಯಾರ," ಎಂದಳು. "ನಿನ್ನಿ ದೀಪ ಹಚ್ಚೋ ಹೊತ್ತಿನ್ಯಾಗ. ಉಸಿರು ಮ್ಯಾಲ ಹತ್ತಿತ್ತು. ನಾನ ನೀರು ಕಾಸಿ ಸುರದೆ."

"ಎಷ್ಟು ಸಲ?" ಎಂದು ಅಯ್ಯನವರು ಕೇಳಿದರು.

"ಮೂರು ಸಲ, ಚರಗಿಲೆ. ತಂದಿ ಹೆಸರಿಲೆ ಒಂದು, ಮಗನ ಹೆಸರಿಲೆ ಒಂದು, ಪವಿತ್ರಾತ್ಮನ ಹೆಸರಿಲೆ ಒಂದು. ಮೂರನೇದಕ್ಕ ಅತ್ತಿ, 'ಸಾಕು ಬೇ, ಕಣ್ಣಾಗ ಹೋತು' ಅಂದ್ಳು."

ಯೇಸಪ್ಪನಿಗೆ ಸಿಟ್ಟು ಬಂತು. "ಸೊಸಿ ಅತ್ತಿಗಿ ಸ್ನಾನ ಕೊಟ್ಲಂತ! ನಾಳಿ ಮೊಮ್ಮಗ ಮುತ್ಯಾಗ ಕೊಡ್ತಾನ. ಹಿಂಗ ನಡಿತದೇನ್ರಿ?" ಆಮೇಲೆ ಜನರ ಮುಖ ನೋಡಿ ದನಿ ಇಳಿಸಿದ. ಕೆಟ್ಟ ಮನುಷ್ಯನಲ್ಲ. "ಒಂದು ಮಾಡ್ರಿ ಅಯ್ಯಾರ. ಅಕ್ಕೋರು ನಿನ್ನಿ ಇಲ್ಲೇ ಇದ್ರಲ್ಲ. ಅಕ್ಕೋರ ಸುರದಾರ ಅಂತ ಬರೀರಿ. ಅವ್ರು ಸೇವಾದವ್ರು. ಯಾರೂ ಏನೂ ಅನ್ನಂಗಿಲ್ಲ, ನಾನೂ ಅನ್ನಂಗಿಲ್ಲ."

ರೂತಮ್ಮ ನನ್ನ ಕಡೆ ತಿರುಗಿದಳು. ಒಂದು ಗಳಿಗೆಯೂ ತಡೆಯಲಿಲ್ಲ. "ಹೌದ್ರಿ, ಅಕ್ಕೋರ ಸುರದ್ರು. ನಾ ಚರಗಿ ಹಿಡದಿದ್ದೆ ಅಷ್ಟ," ಎಂದಳು.

ಎಲ್ಲರೂ ನನ್ನನ್ನು ನೋಡಿದರು. ಹಿಂದಿನ ದಿನ ನಾನು ಕೇಳಲು ಬಂದದ್ದು ಅಯ್ಯನವರಿಗೆ ಗೊತ್ತಿತ್ತು, ಆದರೂ ಎಲ್ಲರೆದುರು ನಾನು ಹೌದು ಎಂದರೆ ಸಾಕಿತ್ತು. ಮುದುಕಿಗೆ ಅವಳು ಕೇಳಿದ ಸ್ಥಳ ಸಿಗುತ್ತಿತ್ತು, ರೂತಮ್ಮನ ಮಾತು ಉಳಿಯುತ್ತಿತ್ತು. ಇಲ್ಲ ಎಂದರೆ ಏನಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಆ ಇಲ್ಲ ನನ್ನ ಬಾಯಿಂದ ಬಂದದ್ದು ಧೈರ್ಯದಿಂದ ಎಂದು ಯಾರೂ ತಿಳಿಯಬೇಡಿ. ಇನ್ನೊಮ್ಮೆ ಸುಳ್ಳು ಹೌದು ಎನ್ನಲು ಭಯವಾಯಿತು. ಆ ಭಯದಲ್ಲಿ ನಾನು ದ್ಯಾವಮ್ಮನ ಜಾಗವನ್ನು ಪಣಕ್ಕಿಟ್ಟೆ.

"ಇಲ್ಲ ಅಯ್ಯಾರ. ನಾ ಓದಿ ಹೇಳಿ ಹೋದೆ. ಸುರದಾಕಿ ರೂತಮ್ಮ," ಎಂದೆ.

ರೂತಮ್ಮನ ಮುಖ ಹೇಗಾಯಿತು ಎಂದು ಬರೆಯಲಾರೆ.

ಅಯ್ಯನವರು ಯೇಸಪ್ಪನಿಗೆ ಆ ಹಾಳೆಯನ್ನು ಓದಿ ಹೇಳಿದರು.

"ವೇದದಾಗ ಅದ ಏನ್ರಿ ಇದು?" ಎಂದ ಯೇಸಪ್ಪ.

"ಇಲ್ಲ," ಎಂದರು ಅಯ್ಯನವರು. "ವೇದದಾಗ ಇಲ್ಲ. ನಾಳಿಂದ ಎಲ್ಲಾರೂ ಹಿಂಗ ಮಾಡ್ರಿ ಅಂತನೂ ನಾ ಹೇಳಂಗಿಲ್ಲ. ಆದ್ರ ನಿಮಗ ನನಗ ವೇದ ಕೈಯಿಂದ ಕೈಗೆ ದಾಟಿಸಿದವರು ಇವರು. ನೀರಿಲ್ಲದಾಗ ಇವರು ಹಿಂಗ ಮಾಡ್ಯಾರ. ಅವರಿಗೆ ನಡದದ್ದು ಈ ಮುದುಕಿಗಿ ನಡೆಯಂಗಿಲ್ಲ ಅನ್ನಾಕ ನನಗ ಬಾಯಿ ಬರವಲ್ದು."

ಯೇಸಪ್ಪ ದೂರ ಹೋಗಿ ಬೇವಿನ ಮರದ ಕೆಳಗೆ ನಮಗೆ ಬೆನ್ನು ಮಾಡಿ ನಿಂತ. ಆದರೆ ತೋಡುವವರನ್ನು ತಡೆಯಲಿಲ್ಲ. ಅವರು ದ್ಯಾವಮ್ಮನ ಗಂಡನ ಬಲಗಡೆ ಹಾರೆ ಹಾಕಿದರು.

ಅಯ್ಯನವರು ಸಭೆಯ ದಾಖಲೆ ಪುಸ್ತಕವನ್ನು ಮೊಣಕಾಲ ಮೇಲಿಟ್ಟುಕೊಂಡರು. ದೀಕ್ಷಾಸ್ನಾನ ಕೊಟ್ಟವರು ಎಂಬ ಕಡೆ ಪೆನ್ನು ನಿಲ್ಲಿಸಿ, "ನಿನ್ನ ಪೂರಾ ಹೆಸರು ಹೇಳವಾ," ಎಂದರು. ರೂತಮ್ಮ ಹೇಳಿದಳು. ಅವರು ಬರೆದರು. ಆ ದಾಖಲೆಯ ಬಗ್ಗೆ ಮೇಲಿನವರು ಅಯ್ಯನವರನ್ನು ಕೇಳಿದ್ದುಂಟು. ಅವರು ಅದನ್ನು ತಿದ್ದಲಿಲ್ಲ.

ಮಣ್ಣು ಮುಚ್ಚಿದ ಮೇಲೆ ಎಲ್ಲರೂ ಮನೆಯ ಮುಂದೆ ಕೈಕಾಲು ತೊಳೆದರು. ರೂತಮ್ಮ ನನ್ನ ಕೈಗೆ ನೀರು ಹಾಕಿದಳು. ನನ್ನ ಮೇಲೆ ಸಿಟ್ಟಾಗಿದ್ದಾಳೆ ಎಂದುಕೊಂಡಿದ್ದೆ. ಸಿಟ್ಟಾಗಿರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದು ಕೇಳುವವಳಂತೆ ಕೇಳಿದಳು.

"ಹಾಳಿ ನಿಮ್ಮ ಕೈಯಾಗ ಇತ್ತು. ಓದಾಕ ನಿಮಗ ಬರ್ತಿತ್ತು. ಅತ್ತಿ ನಿಮ್ಮ ಕೈ ಹಿಡದಿದ್ಳು. ನೀವ್ಯಾಕ ಸುರೀಲಿಲ್ರಿ ಅಕ್ಕೋರ?"

"ಕೇಳಾಕ ಹೋಗಿದ್ದೆನಲ್ಲವಾ."

"ಕೇಳಬೇಕಂತ ಅದರಾಗ ಬರದಿತ್ತೇನ್ರಿ?"

"ಬರದಿರಲಿಲ್ಲ."

"ಮತ್ತ?" ಎಂದು ರೂತಮ್ಮ ಖಾಲಿ ಚರಿಗೆ ಹಿಡಿದುಕೊಂಡು ನನ್ನ ಮುಖ ನೋಡುತ್ತ ನಿಂತಳು.